ಕ್ಯಾಮೆರಾ ಬಂದ್ ಮಾಡಿ, ಕಣ್ಣು ಬರೀರಿ

ನನ್ನ ಅಂಗಡಿಗೆ ಬರುವವರಲ್ಲಿ ಎರಡು ಥರ. ಫೋನು ಕೆಟ್ಟಿದೆ ಎಂದು ಬರುವವರು ಒಂದು ಥರ, ತಾವೇ ಕೆಡಿಸಿ ತಾನಾಗೇ ಕೆಟ್ಟಿತು ಎಂದು ಆಣೆ ಇಡುವವರು ಇನ್ನೊಂದು ಥರ. ನಾಗರಾಜಾಚಾರ್ರು ಎರಡಕ್ಕೂ ಸೇರಿದವರಲ್ಲ. ಅವರು ಫೋನು ಕಂಡರೆ ಮಾರು ದೂರ ನಿಲ್ಲುವ ಆಸಾಮಿ. ಅಂಥವರು ನಾಲ್ಕು ತಾಲ್ಲೂಕಿನ ಹತ್ತೊಂಬತ್ತು ಜನಕ್ಕೆ ಫೋನಿನಲ್ಲೇ ಚಿತ್ರ ಕಲಿಸಿದರು ಎಂದರೆ ಅದರ ಹಿಂದೆ ನನ್ನ ಬಾಯಿ ಇದೆ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ನಾನು ಹೇಮಶ್ರೀ. ಕೃಷ್ಣರಾಜಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನನ್ನದು. 'ಹೆಂಗಸು ರಿಪೇರಿ ಮಾಡ್ತಾಳಾ?' ಎಂದು ರಾಗ ಎಳೆದವರ ಫೋನನ್ನು ಮೊದಲು ರಿಪೇರಿ ಮಾಡಿ, ಆಮೇಲೆ ಅವರನ್ನು ರಿಪೇರಿ ಮಾಡಿ ಕಳಿಸುತ್ತೇನೆ. ನನ್ನ ಅಂಗಡಿಯ ಗೋಡೆಗೆ ಅಂಟಿಕೊಂಡೇ ಆಚಾರ್ರ ಶೆಡ್ಡು. ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ. ಅವರ ಉಳಿಯ ಸದ್ದಿಗೂ ನನ್ನ ಬೈಗುಳದ ಸದ್ದಿಗೂ ಹತ್ತು ವರ್ಷದಿಂದ ಒಳ್ಳೆಯ ಹೊಂದಾಣಿಕೆ.

ಆದರೆ ಬಾಗಿಲು ಕಿಟಕಿ ಹೊಟ್ಟೆಪಾಡಿಗೆ. ಅವರ ಮನೆತನದ ಕಸುಬು ಸೋಮ. ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರ ಅಮ್ಮನ ಮುಂದೆ ಕುಣಿಯುವವರು ಹೊರುವ ಮೊರದಗಲದ ಮರದ ಮುಖವೇ ಸೋಮ. ಒಂದು ಕೆಂಪು, ಒಂದು ಹಳದಿ. ಇಷ್ಟುದ್ದ ಮೀಸೆ, ಆಚೆ ಇಣುಕುವ ಕೋರೆಹಲ್ಲು. ಆಚಾರ್ರ ಮನೆಯವರು ಬರೆದದ್ದಾದರೆ ಬಲಗೆನ್ನೆಯ ಮೇಲೆ ಒಂದು ದೃಷ್ಟಿಬೊಟ್ಟು ಇರುತ್ತದೆ, ಅದು ಅವರ ಗುರುತು. ಎಲ್ಲ ಬಣ್ಣ ಮುಗಿದ ಮೇಲೆ ಕೊನೆಗೆ ಬರೆಯುವುದು ಕಣ್ಣು. ಕಣ್ಣು ಬರೆಯುವ ತನಕ ಅದು ಮರ, ಬರೆದ ಮೇಲೆ ದೇವರು. ಆಚಾರ್ರ ತಾತ, ಅಪ್ಪ, ಆಮೇಲೆ ಇವರು, ನಾಗಮಂಗಲದ ಕಡೆಯ ಎಷ್ಟೋ ಊರಿನ ಸೋಮಗಳು ಇವರ ಮನೆಯವರ ಕೈಯಲ್ಲೇ ಕಣ್ಣು ಬಿಟ್ಟಿವೆ.

ಹೋದ ವರ್ಷ ಆ ಕೈ ನಡುಗಲು ಶುರುವಾಯಿತು. ನರದ ತೊಂದರೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಉಳಿ ಹಿಡಿದರೆ ನಡುಕ ಅಷ್ಟಾಗಿ ಕಾಣುವುದಿಲ್ಲ, ಅಗಲ ಬ್ರಷ್ಷಿನಲ್ಲಿ ಬಣ್ಣವನ್ನೂ ಬಳಿಯುತ್ತಾರೆ. ಸಣ್ಣ ಕುಂಚ ಹಿಡಿದು ಗೆರೆ ಎಳೆದರೆ ಮಾತ್ರ ಅದು ಹಾವು ಹರಿದ ಹಾಗೆ ಹೋಗುತ್ತದೆ. ಅವರ ಹೆಂಡತಿ ಮೂಗಮ್ಮ, ನನಗೆ ಮೂಗಕ್ಕ, ಬಂದು ಆ ಗೆರೆಯನ್ನು ಬಟ್ಟೆಯಲ್ಲಿ ಒರೆಸಿ ಹೋಗುತ್ತಿದ್ದರು.

ಸಂಕ್ರಾಂತಿ ಮುಗಿದ ವಾರ ಅವರ ಹುಟ್ಟೂರಿನ ಯಜಮಾನರು ಚಿಕ್ಕಯ್ಯ ಗೌಡರು ಗೂಡ್ಸ್ ಆಟೋದಲ್ಲಿ ಎರಡು ಸೋಮ ತಂದು ಶೆಡ್ಡಿನಲ್ಲಿ ಇಳಿಸಿದರು. ಆಚಾರ್ರ ತಾತನೇ ಕೆತ್ತಿದ ಮುಖಗಳು. ಬಣ್ಣ ಎದ್ದು, ಕಣ್ಣು ಮಾಸಿಹೋಗಿದ್ದವು.

"ಆಚಾರಿ, ಯುಗಾದಿ ಕಳ್ದು ಎರಡ್ನೇ ಮಂಗಳವಾರ ಅಮ್ಮನ ಅಬ್ಬ. ಅಷ್ಟ್ರೊಳಗೆ ಕಣ್ಣಾಗ್ಬೇಕು. ನಿನ್ ಕೈಲಾಗಕಿಲ್ಲ ಅಂದ್ರೆ ಈಗ್ಲೇ ಏಳ್ಬುಡು. ಫೈಬರ್ ಮುಖ ಸಿಕ್ತವಂತೆ, ಕಣ್ಣೂ ಅದ್ರಲ್ಲೇ ಪ್ರಿಂಟಾಗಿ ಬತ್ತವಂತೆ. ನಮ್ಗೂ ಮನ್ಸಿಲ್ಲ ಕಣಯ್ಯ, ಆದ್ರೆ ಕುರುಡು ಸೋಮನ್ನ ಕುಣ್ಸಕ್ಕಾಯ್ತದಾ?"

"ಆಯ್ತದೆ ಓಗಿ ಗೌಡ್ರೇ, ಬರ್ದು ಕೊಡ್ತೀನಿ," ಎಂದರು ಆಚಾರ್ರು. ಆಟೋ ಮರೆಯಾದ ಮೇಲೆ ಬೆಂಚಿನ ಮೇಲೆ ಕುಸಿದು, "ಮೂಗಿ, ನಾನ್ಯಾಕಂಗಂದೆ?" ಎಂದು ಹೆಂಡತಿಯನ್ನು ಕೇಳಿದರು. ಗೋಡೆಯಾಚೆ ಕೂತಿದ್ದ ನನಗೆ ಅದು ಕೇಳಿಸಿತು. ಮನೆಯಲ್ಲಿ ಕಲಿತವರು ಇನ್ನೊಬ್ಬರಿಲ್ಲ, ದಾಯಾದಿಗಳೆಲ್ಲ ಪ್ಲೈವುಡ್ ಕೆಲಸಕ್ಕೆ ಹೊರಳಿಕೊಂಡಿದ್ದಾರೆ. ಇವರ ಕೈ ನಿಂತರೆ ಆ ಕಣ್ಣೂ ಅಲ್ಲಿಗೇ ನಿಂತಿತು.

ನನಗೆ ಸಂಕಟವಾದರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಎದ್ದು ಹೋಗಿ ಅವರ ಮುಂದೆ ನಿಂತೆ.

"ಕೈ ಓಯ್ತು ಸರಿ, ಬಾಯಿ ಅದಲ್ಲ ಆಚಾರ್ರೇ? ಕಲ್ಸಿ ಯಾರ್ಗಾದ್ರೂ!"

"ಯಾರ್ಗೆ ಕಲ್ಸ್‌ಲಿ ಏಮವ್ವ? ಈ ಶೆಡ್ಗೆ ಯಾರ್ ಬಂದಾರು?"

"ಅವ್ರು ಬರದ್ ಬ್ಯಾಡ, ನೀವೇ ಅವ್ರ ಮನೇಗೋಗಿ. ಫೋನಲ್ಲಿ."

"ಫೋನಲ್ಲಿ ಚಿತ್ರ ಕಲ್ಸದಾ? ಫೋನಲ್ಲಿ ಮುದ್ದೆ ಉಣ್ಣಕ್ಕಾಯ್ತದಾ?"

ನಾನು ಬಾಯಿ ತೆಗೆಯುವುದರೊಳಗೆ ಮೂಗಕ್ಕನೇ ಹೇಳಿದರು, "ಕುಂತ್ಕಂಡು ಗೋಳಾಡದ್ಕಿಂತ ಅದೇನೋ ಒಂದ್ ನೋಡನ ಬುಡಿ." ಆ ಮನೆಯಲ್ಲಿ ಮೂಗಕ್ಕ ಅಂದರೆ ಮುಗಿಯಿತು.

ಅವತ್ತೇ ನನ್ನ ಗಿರಾಕಿಗಳ ವಾಟ್ಸಾಪ್ ಗುಂಪಿಗೆಲ್ಲ ಒಂದು ಸಂದೇಶ ಬಿಟ್ಟೆ. 'ಸೋಮನ ಮುಖ ಬರೆಯಲು ಕಲಿಯಬೇಕೆ? ಪ್ರತಿ ಭಾನುವಾರ ಹನ್ನೊಂದು ಗಂಟೆ. ಬೇಕಾದ್ದು ಒಂದು ಫೋನು, ಒಂದು ಹಳೇ ಮೊರ.' ಮೊರ ಆಚಾರ್ರ ಯೋಚನೆ. ಎಲ್ಲರಿಗೂ ಮರದ ಮುಖ ಎಲ್ಲಿ ಸಿಗಬೇಕು? ಹಳೇ ಮೊರಕ್ಕೆ ಹುಣಸೆಬೀಜದ ಅಂಟಿನಲ್ಲಿ ನಾಲ್ಕು ಪದರ ಪೇಪರು ಮೆತ್ತಿ ಒಣಗಿಸಿದರೆ ಬಣ್ಣ ಕುಡಿಯುವ ಗಟ್ಟಿ ಮುಖ ಆಗುತ್ತದಂತೆ. ಯಾರೂ ಬರಲಾರರು ಎಂದು ಒಳಗೊಳಗೇ ಹೆದರಿದ್ದೆ. ಹತ್ತೊಂಬತ್ತು ಜನ ಬಂದರು! ಪಾಂಡವಪುರದ ಕೀರ್ತನ, ಡಿಗ್ರಿ ಓದುವ ಹುಡುಗಿ. ಶ್ರೀರಂಗಪಟ್ಟಣದ ಪುಟ್ಟತಾಯಮ್ಮ, ರಿಟೈರಾದ ಅಂಗನವಾಡಿ ಟೀಚರು. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಲೋಕೇಶ್. ನಮ್ಮ ಪೇಟೆಯವರೂ ನಾಗಮಂಗಲದವರೂ ಉಳಿದವರು. ಎರಡನೇ ವಾರಕ್ಕೇ ಅಷ್ಟೂ ಮನೆಗಳಿಂದ ಬೈಗುಳ ಕೇಳಿಬಂತು, ಯಾಕೆಂದರೆ ಹಳೇ ಮೊರ ಸಿಗದವರು ಹೊಸ ಮೊರಕ್ಕೇ ಪೇಪರು ಮೆತ್ತಿಬಿಟ್ಟಿದ್ದರು.

ಮೊದಲ ದಿನದ ಪಾಡು ಕೇಳಬೇಡಿ. ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ಕೊಟ್ಟರೆ ಆಚಾರ್ರಿಗೆ ಅದು ಆಗಿಬರಲಿಲ್ಲ, ಮೂಗಕ್ಕನೇ ಕೈಯಲ್ಲಿ ಹಿಡಿದು ನಿಂತರು. ಆಚಾರ್ರು ಪರದೆಯಲ್ಲಿ ಹತ್ತೊಂಬತ್ತು ಮುಖ ಕಂಡು, ಮದುವೆ ಮನೆ ಬಾಗಿಲಲ್ಲಿ ನಿಂತವರ ಹಾಗೆ ಒಬ್ಬೊಬ್ಬರಿಗೂ ಕೈಮುಗಿದು ಊಟ ಆಯಿತಾ ಎಂದು ಕೇಳುತ್ತ ಹೋದರು. ಅರ್ಧ ಗಂಟೆ ಅಷ್ಟರಲ್ಲೇ ಹೋಯಿತು. ಆಮೇಲೆ ಬ್ರಷ್ಷು ಕೈಗೆ ಬಂತು ನೋಡಿ, ಅಬ್ಬಾ! ನನ್ನ ಹತ್ತು ವರ್ಷದ ನೆರೆಯವರು ಇವರೇನಾ ಅನ್ನಿಸಿತು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ತಮ್ಮದೊಂದು ಮೊರಕ್ಕೆ ಕೆಂಪು ಬಳಿದರು. ಗೆರೆ ಬಂದ ಕಡೆ ಬ್ರಷ್ಷು ಇಟ್ಟು ಬಾಯಲ್ಲಿ ಹೇಳಿದರು.

"ಉಬ್ಬು ಎಳೆಯದು ಎಂಗೆ ಅಂದ್ರೆ, ಕುಡ್ಲಲ್ಲಿ ಉಲ್ಲು ಕುಯ್ದಂಗೆ. ಒಂದ್ಸಲ ಎಳುದ್ರೆ ಮುಗೀತು. ವಾಪಸ್ ಬಂದ್ ತಿದ್ಬಾರ್ದು."

ಕುಡುಗೋಲು ಹಿಡಿದ ಕೈಗಳಲ್ಲವೇ ನಮ್ಮ ಕಡೆಯವು, ಎಲ್ಲರಿಗೂ ಅದು ತಟ್ಟನೆ ತಿಳಿಯಿತು. ವಾರದಿಂದ ವಾರಕ್ಕೆ ಮೊರಗಳು ಕೆಂಪಾದವು, ಹಳದಿಯಾದವು, ಮೀಸೆ ತಿರುವಿದವು. ದೋಸೆ ಹುಯ್ದು ಪಳಗಿದ ಲೋಕೇಶನ ಕೈಯ ದುಂಡು ನೋಡಿ ಆಚಾರ್ರು, "ಏನ್ಲಾ ಲೋಕೇಸ, ಕಂಪಾಸ್ ಇಟ್ಟಿದ್ದೀಯಾ?" ಎಂದು ಕೂಗಿದರು. ಶನಿವಾರ ಬಂದರೆ ಅವರೇ ನನ್ನ ಅಂಗಡಿಗೆ ಬಂದು, "ಏಮವ್ವ, ಚಾರ್ಜ್ ಅದಾ? ನೆಟ್ ಅದಾ?" ಎಂದು ಕೇಳುವಷ್ಟಾಯಿತು. ನನಗಂತೂ ಭಾನುವಾರ ಬೆಳಗಾದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆರನೆಯ ವಾರ ಕೀರ್ತನ ತನ್ನ ಮೊರವನ್ನು ಮಡಿಲಲ್ಲಿಟ್ಟುಕೊಂಡು ಪಾಂಡವಪುರದಿಂದ ಬಸ್ಸಿನಲ್ಲೇ ಬಂದುಬಿಟ್ಟಳು. ಮೇಷ್ಟ್ರನ್ನು ಎದುರಿಗೇ ನೋಡಬೇಕು ಎಂಬ ಆಸೆ. ಆಚಾರ್ರು ಸಂಭ್ರಮದಿಂದ ಮೊರ ಕೈಗೆ ತೆಗೆದುಕೊಂಡರು. ತೆಗೆದುಕೊಂಡವರು ಹಾಗೇ ನಿಂತರು. ದೃಷ್ಟಿಬೊಟ್ಟು ಸೋಮನ ಎಡಗೆನ್ನೆಯ ಮೇಲಿತ್ತು!

"ಇದ್ಯಾಕವ್ವ ಈ ಕಡೀಕಿಟ್ಟೆ?"

"ನೀವು ಅಲ್ಲೇ ಇಟ್ರಲ್ಲ ತಾತ. ಎಲ್ರೂ ಅಲ್ಲೇ ಇಟ್ಟವ್ರೆ."

ಆಗ ಬಯಲಾಯಿತು. ಫೋನು ನಮ್ಮನ್ನು ನಮಗೆ ತೋರಿಸುವಾಗ ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತದೆ, ಎದುರಿನವರಿಗೆ ಮಾತ್ರ ಸರಿಯಾಗೇ ಕಾಣಿಸುತ್ತದೆ. ಆಚಾರ್ರು ಮೊದಲ ದಿನವೇ ಪರದೆಯಲ್ಲಿ ಎಡಬಲ ಅದಲುಬದಲಾಗಿರುವುದು ಕಂಡು, ಕಲಿಯುವವರಿಗೂ ಹಾಗೇ ಕಾಣುತ್ತಿದೆ ಎಂದುಕೊಂಡರು. ಯಾರಿಗೂ ಹೇಳದೆ, ಪರದೆಯಲ್ಲಿ ಸರಿಯಾಗಿ ಕಾಣಲಿ ಎಂದು ಬಲದ್ದನ್ನೆಲ್ಲ ಎಡಕ್ಕೆ ತೋರಿಸುತ್ತ ಬಂದಿದ್ದರು. ಕಲಿಯುವವರ ಮೊರದಲ್ಲಿ ಬೊಟ್ಟು ಎಡಕ್ಕೆ ಕಂಡಾಗಲೂ ಅದು ಪರದೆಯ ಕಿತಾಪತಿ ಎಂದೇ ತಿಳಿದಿದ್ದರು. ಬಲಗಡೆಯಿಂದ ಶುರು ಮಾಡಬೇಕಾದ ಹುಬ್ಬು, ಮೀಸೆ, ಬೊಟ್ಟು ಎಲ್ಲವೂ ಹತ್ತೊಂಬತ್ತು ಮನೆಯಲ್ಲಿ ತಿರುವುಮುರುವು.

"ನಿನ್ ಫೋನು ನನ್ ಬಾಯಲ್ಲಿ ನಮ್ಮಪ್ಪನ ಪಾಠ ಉಲ್ಟಾ ಏಳ್ಸ್‌ಬುಡ್ತಲ್ಲ ಏಮವ್ವ!"

"ಫೋನ್‌ಗ್ಯಾಕಂತೀರಿ? ನನ್ನ ಒಂದ್ ಮಾತು ಕೇಳಿದ್ರೆ ನಿಮ್ ಗಂಟೇನಾದ್ರೂ ಓಯ್ತಿತ್ತಾ?"

ಕೂಗಾಡಿದೆ, ನಿಜ. ಆದರೆ ತಪ್ಪು ನನ್ನದೇ. ದಿನಾ ಇದೇ ಕಸುಬು ಮಾಡುವ ನಾನು ಮೊದಲ ದಿನವೇ ಹೇಳಬೇಕಿತ್ತು. ಅದು ಗೊತ್ತಿದ್ದುದರಿಂದಲೇ ಇನ್ನಷ್ಟು ಜೋರಾಗಿ ಕೂಗಾಡಿದೆ.

ನಮ್ಮಿಬ್ಬರ ಜಗಳದ ನಡುವೆ ಕೀರ್ತನ ತಣ್ಣಗೆ, "ಬೊಟ್ಟು ಅಳ್ಸಿ ಈ ಕಡೆ ಇಟ್ರಾಯ್ತು ಬುಡಿ ತಾತ. ಕಣ್ಣು ಯಾವಾಗ ಏಳ್ಕೊಡ್ತೀರಿ, ಅದೇಳಿ," ಎಂದಳು.

ಆಚಾರ್ರ ಮುಖ ಇಳಿದುಹೋಯಿತು. ಮೊರವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು.

"ಕಣ್ಣು ಏಳ್ಕೊಡಕ್ಕಾಗಕಿಲ್ಲ ಮಗ. ಕಣ್ಣು ಬರ್ಯೋವಾಗ ಯಾರೂ ನೋಡ್ಬಾರ್ದು. ಬರ್ಯೋನೂ ನೇರ ನೋಡ್ಬಾರ್ದು. ಸೋಮನ ಹಿಂದೆ ನಿಂತ್ಕಂಡು, ಎದ್ರಿಗೆ ಕನ್ನಡಿ ಇಟ್ಟು, ಕನ್ನಡೀಲಿ ನೋಡ್ಕಂಡು ಕೈ ಮುಂದಕ್ಕೆ ಚಾಚಿ ಬರೀಬೇಕು. ನಮ್ಮನೆ ಪದ್ದತಿ ಅದು. ಇಪ್ಪತ್ ಜನದ್ ಮುಂದೆ ಫೋನಲ್ಲಿ ತೋರ್ಸು ಅಂದ್ರೆ ನನ್ ಕೈಲಾಗಕಿಲ್ಲ."

ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಆರು ವಾರ! ಇಷ್ಟು ಜನ ಮೊರ ಹಿಡಿದು ಕೂತಿದ್ದಾರೆ, ಹಬ್ಬಕ್ಕೆ ತಿಂಗಳ ಮೇಲೆ ಕೆಲವೇ ದಿನ ಉಳಿದಿದೆ, ಈಗ ಈ ಮಾತು!

"ಅಂಗಾದ್ರೆ ಇಷ್ಟು ದಿನ ಯಾಕ್ ಕಲ್ಸಿದ್ರಿ?"

"ಮುಖ ಆದ್ರೂ ಉಳೀಲಿ ಅಂತ," ಎಂದರು. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ನನ್ನ ಸಿಟ್ಟು ಅಲ್ಲೇ ಜರ್ರನೆ ಇಳಿಯಿತು. ಮಾತಾಡಿಸಬೇಕು ಎಂದು ಏನೋ ಒಂದು ಕೇಳಿದೆ.

"ನಿಮಗ್ಯಾರು ಕಲ್ಸಿದ್ದು?"

"ಇನ್ಯಾರು, ನಮ್ಮಪ್ಪ."

"ನೀವು ನೋಡ್ದೆ ಎಂಗ್ ಕಲ್ಸಿದ್ರು?"

"ನಮ್ಮಪ್ಪ ಒಳಗೆಲ್ಲಿದ್ದ? ನನ್ನ ಒಳೀಕ್ ಬುಟ್ಟು ಬಾಗ್ಲು ಮುಚ್ಕಂಡು ಆಚೆ ನಿಂತಿದ್ದ. ಅಲ್ಲಿಂದ್ಲೇ ಬಾಯಲ್ಲಿ ಏಳ್ತಿದ್ದ, ನಾನ್ ಬರೀತಿದ್ದೆ."

ನಾನು ಮೂಗಕ್ಕನ ಮುಖ ನೋಡಿದೆ. ಮೂಗಕ್ಕ ನನ್ನ ಮುಖ ನೋಡಿದರು. ಕೀರ್ತನ ಎದ್ದೇ ನಿಂತುಬಿಟ್ಟಳು.

"ಅಯ್ಯೋ ನನ್ನಪ್ಪ!" ಎಂದು ಕಿರುಚಿದೆ. "ಕ್ಯಾಮೆರಾ ಬಂದ್ ಮಾಡುದ್ರೆ ಅದೇ ಬಾಗ್ಲಲ್ವಾ ಆಚಾರ್ರೇ? ನೀವೂ ಕಾಣಕಿಲ್ಲ, ಅವ್ರೂ ಕಾಣಕಿಲ್ಲ. ಬರೀ ಮಾತು ಓಯ್ತದೆ!"

ಆಚಾರ್ರ ಗಲ್ಲ ಅದುರಿ, ನಗು ಹೊರಬಂತು. "ಅಂಗಾದ್ರೆ ನಮ್ಮಪ್ಪ ಆವಾಗ್ಲೇ ಆನ್‌ಲೈನ್ ಕ್ಲಾಸ್ ಮಾಡವ್ನಲ್ಲವ್ವ!" ಎಂದರು. ಮೂಗಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಬೊಟ್ಟು ಮೀಸೆಗಳನ್ನೆಲ್ಲ ಸರಿಮಾಡಿಸಲು ಇನ್ನೆರಡು ವಾರ ಹಿಡಿಯಿತು. ಒಂಬತ್ತನೆಯ ಭಾನುವಾರ ಕಣ್ಣು. ಎಲ್ಲರೂ ಮೊರವನ್ನು ಗೋಡೆಗೆ ತಾಗಿಸದೆ ಕುರ್ಚಿಯ ಮೇಲೆ ನಿಲ್ಲಿಸಿ, ಎದುರಿಗೆ ಮನೆಯ ಕನ್ನಡಿ ಇಟ್ಟು, ತಾವು ಮೊರದ ಹಿಂದೆ ನಿಲ್ಲಬೇಕು. ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಬಾರದು. ಪುಟ್ಟತಾಯಮ್ಮ ಮೊಮ್ಮಕ್ಕಳ ಕಾಟಕ್ಕೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಲೋಕೇಶ ಹೋಟೆಲಿನ ಆಲೂಗಡ್ಡೆ ಮೂಟೆಗಳ ನಡುವೆ ನಿಂತ.

ಹನ್ನೊಂದಕ್ಕೆ ಸರಿಯಾಗಿ ಆಚಾರ್ರು, "ಎಲ್ರೂ ಕ್ಯಾಮೆರಾ ಬಂದ್ ಮಾಡ್ರವ್ವ, ಬಂದ್ ಮಾಡ್ರಪ್ಪ," ಎಂದರು. ಪರದೆಯಲ್ಲಿ ಒಂದೊಂದೇ ಮುಖ ಆರಿ, ಹತ್ತೊಂಬತ್ತು ಕಪ್ಪು ಚೌಕ, ಹತ್ತೊಂಬತ್ತು ಹೆಸರು ಉಳಿದವು. ಆಚಾರ್ರು ನಡುಗುವ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಮೇಲಿನ ರೆಪ್ಪೆ. ಮೂಗಿನ್ ಪಕ್ಕದಿಂದ ಶುರು, ಕಿವಿ ಕಡೀಕೆ. ಉಸಿರು ಇಡ್ಕಳಿ. ಎಳೀರಿ. ಎಳುದ್ರಾ? ಈಗ ಉಸಿರು ಬುಡಿ."

ಅಷ್ಟೂ ಜನ ಉಸಿರು ಬಿಟ್ಟ ಸದ್ದು ಆ ಫೋನಿನಿಂದ ಒಟ್ಟಿಗೇ ಬಂತು. ನಾನೂ ಗೋಡೆಗೊರಗಿ ಉಸಿರು ಹಿಡಿದಿದ್ದೇನೆ ಎಂದು ನನಗೇ ಆಗ ಗೊತ್ತಾಯಿತು. ಕೆಳಗಿನ ರೆಪ್ಪೆ ಆಯಿತು, ಗುಡ್ಡೆ ಆಯಿತು. ಕನ್ನಡಿಯಲ್ಲಿ ಬರೆಯಲು ಹೋದ ಹೊಸಬರಿಗೆ ಎಡಬಲ ತಿಳಿಯದೆ ತಿಂಗಳುಗಟ್ಟಲೆ ಕೈ ತಡವರಿಸುತ್ತದಂತೆ. ನಮ್ಮವರು ಆರು ವಾರ ತಿರುವುಮುರುವಾಗಿಯೇ ಕಲಿತಿದ್ದವರಲ್ಲವೇ, ಕನ್ನಡಿಯಲ್ಲಿ ಕಂಡದ್ದು ಅವರಿಗೆ ಚೆನ್ನಾಗಿ ಪರಿಚಯದ ಮುಖವೇ ಆಗಿತ್ತು. ಆಚಾರ್ರ ತಪ್ಪು ಹಾಗೆ ಕೈ ಹಿಡಿಯಿತು.

"ಕೊನೇದು. ಗುಡ್ಡೆ ಒಳಗೆ ರಾಗಿಕಾಳಿನಷ್ಟು ಬಿಳಿ. ಇಡಿ. ಇಟ್ಟು ಕುಂಚ ಕೆಳಗಾಕಿ. ಈಗ ಪಕ್ಕಕ್ಕೆ ಬನ್ನಿ, ಮೊರ ಫೋನ್ ಕಡೀಕೆ ತಿರುಗ್ಸಿ, ಕ್ಯಾಮೆರಾ ತಗೀರಿ."

ಮೊದಲು ಕೀರ್ತನಳ ಚೌಕ ತೆರೆಯಿತು. ಕೆಂಪು ಸೋಮ ನಮ್ಮನ್ನು ಇರಿಯುವಂತೆ ನೋಡಿದ. ಆಮೇಲೆ ಇನ್ನೊಂದು, ಮತ್ತೊಂದು, ಪಟಪಟನೆ ಪರದೆ ತುಂಬ ಕಣ್ಣು! ಮೂಗಕ್ಕ, "ಅಯ್ ಶಿವ್ನೇ!" ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಲೋಕೇಶನ ಸೋಮ ಮಾತ್ರ ಒಂದು ಕಣ್ಣಲ್ಲಿ ಬೆಳ್ಳೂರನ್ನೂ ಇನ್ನೊಂದರಲ್ಲಿ ಬೆಂಗಳೂರನ್ನೂ ನೋಡುತ್ತಿದ್ದ. ಅದನ್ನು ಕಂಡು ಎಲ್ಲರೂ ಬಿದ್ದು ಬಿದ್ದು ನಕ್ಕರು, ಲೋಕೇಶನೇ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಅಂಗಡಿ ಮುಂದೆ ಬೀದಿಗೇ ಬಂದು ಕೇಕೆ ಹಾಕಿದೆ. ಬಸ್ಸಿಗೆ ಕಾಯುತ್ತಿದ್ದವರು ಈ ಹೆಂಗಸಿಗೆ ಏನೋ ಆಗಿದೆ ಎಂದು ನೋಡಿದರು, ನೋಡಿಕೊಳ್ಳಲಿ.

ಯುಗಾದಿ ಕಳೆದ ಮೊದಲ ಭಾನುವಾರ, ಬಣ್ಣವೆಲ್ಲ ಮುಗಿದಿದ್ದ ಊರಿನ ಸೋಮಗಳಿಗೆ ಕಣ್ಣು. ಆಚಾರ್ರು ಆರಿಸಿದ್ದು ಕೀರ್ತನಳನ್ನು. ಅವಳು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ ಬಂದಳು. ಮುಖ ಒಯ್ಯಲು ಬಂದಿದ್ದ ಚಿಕ್ಕಯ್ಯ ಗೌಡರು ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ ಆಚಾರಿ, ಎಣ್‌ಮಗ ಸೋಮನ ಕಣ್ಣು ಬರ್ಯದಾ?"

"ಬರ್ಯೋರು ಹಿಂದೆ ನಿಂತಿರ್ತಾರೆ ಗೌಡ್ರೇ. ಯಾರ್ ಬರ್ದ್ರು ಅಂತ ಸೋಮಂಗೇ ಕಾಣಕಿಲ್ಲ, ನಿಮಗ್ಯಾಕೆ?"

ಕೀರ್ತನ ಒಳಗೆ ಹೋದಳು. ಎರಡು ಸೋಮಗಳು ಬಾಗಿಲಿಗೆ ಮುಖ ಮಾಡಿ ನಿಂತಿದ್ದವು, ಎದುರಿಗೆ ಮೂಗಕ್ಕನ ಮನೆಯ ದೊಡ್ಡ ಕನ್ನಡಿ. ಆಚಾರ್ರು ತಾವೇ ಮಾಡಿದ ಬಾಗಿಲನ್ನು ತಾವೇ ಎಳೆದು ಮುಚ್ಚಿ, ಅದಕ್ಕೆ ಬಾಯಿ ಹತ್ತಿರ ಇಟ್ಟು ನಿಂತರು.

"ಮೇಲಿನ ರೆಪ್ಪೆ ಮಗ. ಉಸಿರು ಇಡ್ಕ."

ಕೆಂಪು ಸೋಮನದು ಮುಗಿಯಿತು. ಹಳದಿ ಸೋಮನ ಗುಡ್ಡೆ ಆದ ಮೇಲೆ ಆಚಾರ್ರ ಮಾತು ನಿಂತುಹೋಯಿತು. ತುಟಿ ಆಡುತ್ತಿದೆ, ಸದ್ದಿಲ್ಲ. ಒಳಗಿಂದ ಕೀರ್ತನಳ ದನಿ ಕೇಳಿತು, "ಗೊತ್ತು ತಾತ, ರಾಗಿಕಾಳಷ್ಟು ಬಿಳಿ. ಇಡ್ತಾ ಇವ್ನಿ." ಆಮೇಲೆ ಕನ್ನಡಿ ಸರಿಸಿದ ಸದ್ದು. "ಆಯ್ತು. ಬಾಗ್ಲು ತಗೀರಿ."

ಅವರ ಮನೆಯಲ್ಲಿ ಇನ್ನೊಂದು ನೇಮ ಇದೆಯಂತೆ. ಸೋಮನ ಮೊದಲ ನೋಟ ಬೀಳಬೇಕಾದ್ದು ಬರೆದವರ ಮೇಲಲ್ಲ, ಬಾಗಿಲಾಚೆ ನಿಂತು ಕಲಿಸಿದವರ ಮೇಲೆ. ಆಚಾರ್ರ ಅಪ್ಪ ತೀರಿಕೊಂಡ ಮೇಲೆ ಬಾಗಿಲಾಚೆ ನಿಲ್ಲುವವರೇ ಇರಲಿಲ್ಲ. ಮೂವತ್ತೈದು ವರ್ಷ ಅವರೊಬ್ಬರೇ ಒಳಗೆ ಹೋಗಿ, ಹಿಂದೆ ನಿಂತು ಬರೆದು, ಹಿಂದಿನಿಂದಲೇ ಬಟ್ಟೆ ಹೊದಿಸಿ, ಕಳಿಸಿ ಕೊಡುತ್ತಿದ್ದರು.

ಗೌಡರು ಪಕ್ಕಕ್ಕೆ ಸರಿದರು. ನಾವೆಲ್ಲ ಸರಿದೆವು. ಬಾಗಿಲು ತೆರೆಯಿತು, ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಕೆಂಪು ಸೋಮ, ಹಳದಿ ಸೋಮ, ನಾಲ್ಕು ಕಣ್ಣೂ ಆಚಾರ್ರ ಮೇಲೆ. ಅವರು ಕೈ ಮುಗಿದರು. ಕೈ ಗಡಗಡ ನಡುಗುತ್ತಿತ್ತು, ಅದನ್ನು ಅವರು ಹಿಡಿದುಕೊಳ್ಳಲಿಲ್ಲ.

"ಮೂಗೀ," ಎಂದರು ಹೆಂಡತಿಗೆ, "ಇಷ್ಟ್ ವರ್ಸ ನಾನೇ ಬರ್ದಿವ್ನಿ, ಒಂದ್ಸಲಾನೂ ನನ್ನ ಮೊದ್ಲು ನೋಡಿರ್ನಿಲ್ಲ ಕಣೆ. ಇವತ್ ನೋಡ್ತಾ ಅವ್ನೆ."